ಚೀನಾದ ಹಳ್ಳಿಗಳ ಬಡತನವನ್ನು ಸಂಶೋಧನೆಯ ವೃತ್ತಿ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಧಾರವಾಡದಲ್ಲಿ ಅರ್ಥಶಾಸ್ತ್ರ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ. ಚೀನಾ 40 ವರ್ಷಗಳಲ್ಲಿ 80 ಕೋಟಿ ಜನರನ್ನು ಬಡತನದಿಂದ ಮೇಲೆತ್ತಿತು ಎಂದು ಎಲ್ಲ ಕಡೆ ಓದುತ್ತೇನೆ. ಅಲ್ಲಿನ ಗ್ರಾಮೀಣ ಬಡತನವನ್ನೇ ಪಿಎಚ್.ಡಿ. ವಿಷಯ ಮಾಡಿಕೊಳ್ಳುವ ಆಸೆಯಿದೆ. ಈ ಕ್ಷೇತ್ರದಲ್ಲಿ ಹೆಸರು ಮಾಡಿದವರು ಹೇಗೆ ಕೆಲಸ ಮಾಡಿದರು? ಡೇಟಾ ಸಿಗುತ್ತದೆಯೇ, ನಂಬಬಹುದೇ? ಚೀನೀ ಭಾಷೆ ಬರಲೇಬೇಕೇ?

ಉತ್ತರ: ಮಾಡಿಕೊಳ್ಳಬಹುದು, ಖಂಡಿತ. ಆದರೆ 80 ಕೋಟಿಯ ಆ ಅಂಕಿಯಿಂದ ಶುರು ಮಾಡಬೇಡಿ, ಅದು ಹುಟ್ಟಿದ ಪ್ರಶ್ನಾವಳಿಯಿಂದ ಶುರು ಮಾಡಿ. ಈ ಕ್ಷೇತ್ರದಲ್ಲಿ ಉಳಿದುಕೊಂಡವರೆಲ್ಲ ಮೊದಲು ಅಳತೆಯ ಕೆಲಸ ಕಲಿತವರು. ಸಿದ್ಧಾಂತ ಆಮೇಲೆ ಬಂದದ್ದು.

ಯಾಕೆ ಅಂತ ಒಂದೇ ವರ್ಷದ ಲೆಕ್ಕದಿಂದ ಹೇಳುತ್ತೇನೆ. 1978ರಲ್ಲಿ ಚೀನಾದ ಹಳ್ಳಿಗಳಲ್ಲಿ ಬಡವರೆಷ್ಟು? ಅಂದಿನ ಮಾನದಂಡ ವರ್ಷಕ್ಕೆ ತಲಾ 100 ಯುವಾನ್. ಅದರ ಪ್ರಕಾರ 25 ಕೋಟಿ. 2010ರ ಬೆಲೆಗಳಲ್ಲಿ 2300 ಯುವಾನ್ ಎಂಬ ಈಗಿನ ಮಾನದಂಡವನ್ನು ಹಿಂದಕ್ಕೆ ಒಯ್ದು ಅದೇ ವರ್ಷಕ್ಕೆ ಹಚ್ಚಿದರೆ 77 ಕೋಟಿ, ಅಂದರೆ ಗ್ರಾಮೀಣ ಜನಸಂಖ್ಯೆಯ ಶೇ 97.5. ಹಳ್ಳಿಗಳು ಅವೇ, ಜನ ಅವರೇ. 2010ಕ್ಕೂ ಇದೇ ಕತೆ: ಹಳೆಯ ರೇಖೆಯಲ್ಲಿ 2.69 ಕೋಟಿ ಬಡವರು, ಹೊಸ ರೇಖೆಯಲ್ಲಿ 16.57 ಕೋಟಿ. ಎರಡೂ ಅಧಿಕೃತ ಅಂಕಿಗಳೇ, ಯಾವುದೂ ಸುಳ್ಳಲ್ಲ. ನೀವು ಓದಿದ 80 ಕೋಟಿ ವಿಶ್ವಬ್ಯಾಂಕಿನ ದಿನಕ್ಕೆ 1.90 ಡಾಲರ್ ರೇಖೆಯಿಂದ ಬಂದದ್ದು, ಚೀನಾ ಸರ್ಕಾರ ಹೇಳುವ 77 ಕೋಟಿ ಅದರದೇ ರೇಖೆಯಿಂದ ಬಂದದ್ದು. ಪ್ರಬಂಧದಲ್ಲಿ ಇವೆರಡನ್ನೂ ಒಂದೇ ಪ್ಯಾರಾದಲ್ಲಿ ಬೆರೆಸಿದರೆ ಪರೀಕ್ಷಕರು ಅಲ್ಲೇ ನಿಲ್ಲಿಸುತ್ತಾರೆ.

ಡಾಲರ್ ರೇಖೆಗೂ ತನ್ನದೇ ತೊಡಕಿದೆ. ಕೊಳ್ಳುವ ಶಕ್ತಿಯ ಹೋಲಿಕೆಗಾಗಿ ನಡೆಯುವ ಅಂತರರಾಷ್ಟ್ರೀಯ ಬೆಲೆ ಸಮೀಕ್ಷೆಯಲ್ಲಿ ಚೀನಾ ಅಧಿಕೃತವಾಗಿ ಸೇರಿದ್ದು 2005ರ ಸುತ್ತಿನಲ್ಲಿ. ಆಗಲೂ ಬೆಲೆ ಸಂಗ್ರಹಿಸಿದ್ದು 11 ನಗರಗಳಲ್ಲಿ ಮಾತ್ರ. ಆ ಬೆಲೆಗಳು ಬಂದ ಮೇಲೆ ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞರಾದ ಶಾವೊಹುವಾ ಚೆನ್ ಮತ್ತು ಮಾರ್ಟಿನ್ ರವಾಲಿಯನ್ ಲೆಕ್ಕ ತಿದ್ದಿದರು. ಚೀನಾ ಅಂದುಕೊಂಡದ್ದಕ್ಕಿಂತ ಬಡದೇಶ, 2005ರಲ್ಲೂ ಸುಮಾರು 20 ಕೋಟಿ ಜನ ದಿನಕ್ಕೆ 1.25 ಡಾಲರಿಗಿಂತ ಕೆಳಗಿದ್ದಾರೆ ಎಂದಾಯಿತು. ಆದರೆ ಇಳಿಕೆಯ ವೇಗ ಹೆಚ್ಚುಕಡಿಮೆ ಹಾಗೇ ಉಳಿಯಿತು. ಮಟ್ಟ ಬೇರೆ, ಇಳಿಜಾರು ಬೇರೆ. ನಿಮ್ಮ ಪ್ರಶ್ನೆ ಯಾವುದರ ಬಗ್ಗೆ ಅನ್ನುವುದನ್ನು ಮೊದಲ ಪುಟದಲ್ಲೇ ಹೇಳಿಬಿಡಿ.

ಇನ್ನು ಒಂದು ಮನೆಯೊಳಗೆ ಹೋಗೋಣ. ಅಸಲಿ ಕೆಲಸ ಇರುವುದು ಅಲ್ಲಿ. ಗುಯಿಝೌ ಪ್ರಾಂತದ ಗುಡ್ಡದ ಹಳ್ಳಿಯೊಂದರ ಕುಟುಂಬ ಅಂತ ಇಟ್ಟುಕೊಳ್ಳಿ. ಅಂಕಿಗಳು ನಾನು ಉದಾಹರಣೆಗೆ ಹಾಕಿದವು. ಗಂಡ, ಹೆಂಡತಿ, ಅಜ್ಜಿ ಮನೆಯಲ್ಲಿದ್ದಾರೆ, ಮಗ ಡೊಂಗುವಾನಿನ ಕಾರ್ಖಾನೆಯಲ್ಲಿದ್ದಾನೆ. 4 ಮೂ ಜೋಳದ ಹೊಲ, ಅಂದರೆ ಮೆಕ್ಕೆಜೋಳ. ಒಂದು ಮೂ ಎಂದರೆ ಹೆಕ್ಟೇರಿನ ಹದಿನೈದನೇ ಒಂದು ಭಾಗ, ನಮ್ಮ ಲೆಕ್ಕದಲ್ಲಿ ಸುಮಾರು ಆರೂವರೆ ಗುಂಟೆ. ಮೂ ಒಂದಕ್ಕೆ 700 ಜಿನ್ ಇಳುವರಿ (ಜಿನ್ ಎಂದರೆ ಅರ್ಧ ಕಿಲೋ), ಒಟ್ಟು 2800 ಜಿನ್. ಜಿನ್‌ಗೆ 1 ಯುವಾನ್ ಬೆಲೆ ಹಿಡಿದರೆ 2800 ಯುವಾನ್. ಬೀಜ, ಗೊಬ್ಬರದ ಖರ್ಚು 900 ಕಳೆದರೆ ಉಳಿದದ್ದು 1900. ಈ ಜೋಳದಲ್ಲಿ 1600 ಜಿನ್ ಎರಡು ಹಂದಿಗಳ ಹೊಟ್ಟೆ ಸೇರಿತು. ಒಂದು ಹಂದಿ 2000 ಯುವಾನ್‌ಗೆ ಮಾರಾಟವಾಯಿತು, ಅಷ್ಟೇ ಬೆಲೆಯ ಇನ್ನೊಂದನ್ನು ಹೊಸ ವರ್ಷಕ್ಕೆ ಕಡಿದು ಉಪ್ಪು ಹಚ್ಚಿ ಹೊಗೆಗೆ ಕಟ್ಟಿದರು. ಮರಿಗಳಿಗೆ ಕೊಟ್ಟ 800, ತಿಂದ ಜೋಳದ 1600 ಕಳೆದರೆ ಹಂದಿಯಿಂದ ನಿವ್ವಳ 1600. ಬೇಸಾಯದ ಒಟ್ಟು ಆದಾಯ 3500. ಮಗ ವರ್ಷಕ್ಕೆ 30,000 ದುಡಿಯುತ್ತಾನೆ, ಮನೆಗೆ 8000 ಕಳಿಸುತ್ತಾನೆ.

ಈ ಮನೆ ಬಡವರದೇ? 2020ರ ಬೆಲೆಯಲ್ಲಿ ಅಧಿಕೃತ ರೇಖೆ ಸುಮಾರು 4000 ಯುವಾನ್. ಮಗನನ್ನು ಮನೆಯವನೆಂದು ಎಣಿಸದೆ ಅವನು ಕಳಿಸಿದ್ದನ್ನು ಮಾತ್ರ ಸೇರಿಸಿದರೆ 11,500 ಯುವಾನ್, ಮೂವರಿಗೆ ಹಂಚಿದರೆ ತಲಾ 3833. ಬಡವರು. ಮಗನನ್ನೂ ಅವನ ಪೂರ್ತಿ ದುಡಿಮೆಯನ್ನೂ ಸೇರಿಸಿದರೆ 33,500, ನಾಲ್ವರಿಗೆ ತಲಾ 8375. ರೇಖೆಯ ಎರಡು ಪಟ್ಟು ಮೇಲೆ. ಇನ್ನು, ಮಗನನ್ನು ಹೊರಗಿಟ್ಟು ಹಂದಿ ತಿಂದ ಜೋಳವನ್ನು ಕಳೆಯಲು ಮರೆತರೆ 13,100, ತಲಾ 4367. ಮತ್ತೆ ರೇಖೆ ದಾಟಿದರು! ಸರ್ವೆಗೆ ಹೋದ ಹುಡುಗ ಒಂದು ಕಾಲಂ ಖಾಲಿ ಬಿಟ್ಟದ್ದಕ್ಕೆ ಬಡತನ ನಿರ್ಮೂಲನೆ ಆಗಿಬಿಟ್ಟಿತು. ಬೆಳೆ ಮತ್ತು ಜಾನುವಾರು ಎರಡೂ ಇರುವ ಮನೆಗಳಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದು.

ಇದು ಬರೀ ಪಾಠದ ಲೆಕ್ಕವಲ್ಲ. ಚೀನಾದ ರಾಷ್ಟ್ರೀಯ ಅಂಕಿಅಂಶ ಬ್ಯೂರೋ 2013ಕ್ಕೆ ಮುಂಚೆ ಗ್ರಾಮೀಣ ಮತ್ತು ನಗರ ಸಮೀಕ್ಷೆಗಳನ್ನು ಪ್ರತ್ಯೇಕವಾಗಿ ನಡೆಸುತ್ತಿತ್ತು. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೂ ದುಡಿಮೆಯ ಬಹುಪಾಲು ಮನೆಗೆ ತರುವವನನ್ನು ಮನೆಯ ಸದಸ್ಯನೆಂದೇ ಎಣಿಸುತ್ತಿತ್ತು. ಎರಡೂ ಸಮೀಕ್ಷೆಗಳು ಒಂದಾದ ಮೇಲೆ ಅಂಥವನು ದುಡಿಯುವ ಊರಿನ ನಿವಾಸಿ. ಹಳ್ಳಿಯ ಲೆಕ್ಕಕ್ಕೆ ಅವನು ಕಳಿಸಿದ, ತಂದ ಹಣ ಮಾತ್ರ ಸೇರುತ್ತದೆ. ಜೊತೆಗೆ ‘ನಿವ್ವಳ ಆದಾಯ’ ಹೋಗಿ ‘ವೆಚ್ಚಕ್ಕೆ ಲಭ್ಯವಾದ ಆದಾಯ’ ಬಂತು. 2005ರಿಂದ 2020ರವರೆಗಿನ ಸರಣಿಯನ್ನು ವಾರ್ಷಿಕ ಪುಸ್ತಕಗಳಿಂದ ನಕಲು ಮಾಡಿ ಒಂದೇ ಗೆರೆ ಎಳೆದರೆ 2013ರಲ್ಲಿ ಕಾಣುವ ತಿರುವಿಗೆ ನೀತಿಯ ಹೆಸರು ಕೊಡುವ ಆಸೆಯಾಗುತ್ತದೆ. ಕೊಡಬೇಡಿ. 2023ರಲ್ಲಿ ಹೀಗೆ ಹೊರಗೆ ದುಡಿಯುವ ಗ್ರಾಮೀಣ ಕಾರ್ಮಿಕರು 17.66 ಕೋಟಿ. ಇವರನ್ನು ಎಲ್ಲಿ ಎಣಿಸಿದಿರಿ ಅನ್ನುವುದು ಅಡಿಟಿಪ್ಪಣಿಗೆ ತಳ್ಳುವ ವಿಷಯವಲ್ಲ.

1980ರ ದಶಕಕ್ಕೆ ಹೋಗುವುದಾದರೆ ಇನ್ನೊಂದು ಗುಂಡಿ ಇದೆ. 1990ಕ್ಕೆ ಮುಂಚೆ ರೈತ ತಾನೇ ಉಂಡ ಧಾನ್ಯಕ್ಕೆ ಬ್ಯೂರೋ ಸರ್ಕಾರಿ ಯೋಜನಾ ಬೆಲೆ ಹಾಕುತ್ತಿತ್ತು. ಅದು ಮಾರುಕಟ್ಟೆಗಿಂತ ಕಡಿಮೆ. 1990ರಲ್ಲಿ ವಿಧಾನ ಬದಲಾಯಿತು. ತಿದ್ದದೆ ಬಳಸಿದರೆ, ಉಣ್ಣುವಷ್ಟೇ ಬೆಳೆಯುವ ಅತಿ ಬಡವರ ಆದಾಯ ಒಂದೇ ವರ್ಷದಲ್ಲಿ ಏರಿದಂತೆ ಕಾಣುತ್ತದೆ. ಚೆನ್ ಮತ್ತು ರವಾಲಿಯನ್ ಇದನ್ನು ಸರಿಪಡಿಸಿಕೊಂಡೇ 1981ರಿಂದ 2001ರವರೆಗೆ ಬಡತನ ಶೇ 53ರಿಂದ ಶೇ 8ಕ್ಕೆ ಇಳಿಯಿತು ಎಂದು ತೋರಿಸಿದ್ದು. ಆ ಇಳಿಕೆಯ ಅರ್ಧ ಭಾಗ 1980ರ ದಶಕದ ಮೊದಲಾರ್ಧದಲ್ಲೇ ಆಗಿಹೋಗಿತ್ತು. ಬಡತನ ಇಳಿಸುವುದರಲ್ಲಿ ಕೃಷಿಯ ಬೆಳವಣಿಗೆಗೆ ಇದ್ದ ಬಲ ಕೈಗಾರಿಕೆ ಮತ್ತು ಸೇವಾ ವಲಯಗಳಿಗೆ ಇರಲಿಲ್ಲ ಎಂಬುದೂ ಅಲ್ಲೇ ಬಂದದ್ದು. ಕಾರ್ಖಾನೆ, ರಫ್ತು ಅಂತ ಚೀನಾವನ್ನು ನೋಡುವ ನಮ್ಮ ಅಭ್ಯಾಸಕ್ಕೆ ಇದು ಒಗ್ಗುವುದಿಲ್ಲ, ಆದರೆ ನನ್ನ ಮಟ್ಟಿಗೆ ಇಡೀ ಕ್ಷೇತ್ರದ ಅತಿ ಮುಖ್ಯ ಫಲಿತಾಂಶ ಇದೇ.

ಈ ವೃತ್ತಿ ಕಟ್ಟಿಕೊಂಡವರು ಹೇಗೆ ಕೆಲಸ ಮಾಡಿದರು ಎಂದು ಕೇಳಿದ್ದೀರಿ. ಮೊದಲ ಹೆಸರು ಅಮೆರಿಕದ ಕೃಷಿ ಅರ್ಥಶಾಸ್ತ್ರಜ್ಞ ಜಾನ್ ಲಾಸಿಂಗ್ ಬಕ್. ನಾನ್‌ಜಿಂಗ್‌ನಲ್ಲಿ ಕೂತು 1929ರಿಂದ 1933ರವರೆಗೆ ತನ್ನ ವಿದ್ಯಾರ್ಥಿಗಳನ್ನು ಅವರವರ ಊರಿನ ಕಡೆಗೇ ಕಳಿಸಿ 16,786 ಹೊಲಮನೆಗಳ ಮಾಹಿತಿ ತರಿಸಿದ. ಮಾದರಿಯಲ್ಲಿ ಓರೆ ಇದೆ, ಓದಿದ ಹುಡುಗರ ಊರುಗಳು ತುಸು ಅನುಕೂಲಸ್ಥ ಊರುಗಳೇ. ಆದರೂ 1949ಕ್ಕೆ ಹಿಂದಿನ ಹೋಲಿಕೆಗೆ ಇವತ್ತಿಗೂ ಅದನ್ನೇ ತೆಗೆಯಬೇಕು.

ಜಸ್ಟಿನ್ ಯಿಫು ಲಿನ್ ಅವರದು ಬೇರೆ ದಾರಿ. 1986ರಲ್ಲಿ ಷಿಕಾಗೊದಲ್ಲಿ ಪಿಎಚ್.ಡಿ. ಮುಗಿಸಿ ಬೀಜಿಂಗಿಗೆ ಮರಳಿದರು. ಹೊಸ ಸರ್ವೆ ಮಾಡಲಿಲ್ಲ. 28 ಪ್ರಾಂತಗಳ ಹಳೆಯ ಅಂಕಿಗಳನ್ನೇ ಜೋಡಿಸಿದರು. ಕಮ್ಯೂನುಗಳ ಸಾಮೂಹಿಕ ಬೇಸಾಯ ಮನೆಮನೆಯ ಗುತ್ತಿಗೆಗೆ ಬದಲಾದದ್ದು ಎಲ್ಲ ಪ್ರಾಂತಗಳಲ್ಲೂ ಒಂದೇ ವರ್ಷ ಅಲ್ಲ. ಆ ಮುಂಚೆ-ಆಮೇಲೆಯ ವ್ಯತ್ಯಾಸ ಹಿಡಿದು, 1978ರಿಂದ 1984ರ ನಡುವೆ ಹೆಚ್ಚಿದ ಕೃಷಿ ಉತ್ಪನ್ನದ ಸುಮಾರು ಅರ್ಧ ಭಾಗ ಈ ಬದಲಾವಣೆಯ ಫಲ ಎಂದು 1992ರಲ್ಲಿ ತೋರಿಸಿದರು. ಪ್ರಶ್ನೆ ಚೂಪಾಗಿದ್ದರೆ ಎಲ್ಲರ ಕೈಗೂ ಸಿಗುವ ಅಂಕಿಗಳೂ ಸಾಕು. 2008ರಲ್ಲಿ ಅವರು ವಿಶ್ವಬ್ಯಾಂಕಿನ ಮುಖ್ಯ ಅರ್ಥಶಾಸ್ತ್ರಜ್ಞರಾದರು.

ರವಾಲಿಯನ್ ಮತ್ತು ಭಾರತದ ಜ್ಯೋತ್ಸ್ನಾ ಜಲನ್ ಗ್ವಾಂಗ್‌ಡಾಂಗ್, ಗ್ವಾಂಗ್ಷಿ, ಗುಯಿಝೌ, ಯುನ್ನಾನ್ ಪ್ರಾಂತಗಳಲ್ಲಿ ಅದೇ ಮನೆಗಳನ್ನು 1985ರಿಂದ 1990ರವರೆಗೆ ಹಿಂಬಾಲಿಸಿದ ಡೇಟಾ ತೆಗೆದುಕೊಂಡರು. ಎಲ್ಲದರಲ್ಲೂ ಸಮಾನವಾಗಿರುವ ಎರಡು ಮನೆಗಳಲ್ಲಿ ಹಿಂದುಳಿದ ಕೌಂಟಿಯಲ್ಲಿರುವ (ಕೌಂಟಿ ಎಂದರೆ ಪ್ರಾಂತಕ್ಕಿಂತ ಚಿಕ್ಕ ಆಡಳಿತ ಘಟಕ) ಮನೆ ನಿಧಾನವಾಗಿ ಬೆಳೆಯುತ್ತದೆ, ಅಂದರೆ ಊರೇ ಬಲೆಯಾಗಬಹುದು ಎಂದು ತೋರಿಸಿದರು. ಒಂದೇ ವರ್ಷದ ಸರ್ವೆಯಿಂದ ಇದು ಯಾವತ್ತೂ ಹೊರಡದು.

ನೈಋತ್ಯ ಚೀನಾದಲ್ಲಿ ವಿಶ್ವಬ್ಯಾಂಕ್ 1995ರಲ್ಲಿ ಶುರು ಮಾಡಿದ ಬಡತನ ಯೋಜನೆಯ ಮೌಲ್ಯಮಾಪನವನ್ನು ನೀವು ಸಾಲುಸಾಲಾಗಿ ಓದಬೇಕು. ಯೋಜನೆಯ ಹಳ್ಳಿಗಳಲ್ಲೂ ಹೊರಗಿನ ಹಳ್ಳಿಗಳಲ್ಲೂ ಸೇರಿ 2000 ಮನೆಗಳನ್ನು 10 ವರ್ಷ ನೋಡಿದರು. ಹಣ ಹರಿಯುವಾಗ ಆದಾಯ ಚೆನ್ನಾಗಿ ಏರಿತು, ಆದರೆ ಜನ ಅದರ ಬಹುಪಾಲನ್ನು ಉಳಿತಾಯ ಮಾಡಿದರು. ಹಣ ನಿಂತು ನಾಲ್ಕು ವರ್ಷವಾದ ಮೇಲೆ ಉಳಿದ ಲಾಭ ಸಣ್ಣದು. ಎರಡು ಸಂಗತಿ ಎಡವಿದ್ದವು. ಹಳ್ಳಿಯವರೇ ಫಲಾನುಭವಿಗಳನ್ನು ಆರಿಸಿದಾಗ ಓದಿದ ಬಡವರು ಪಟ್ಟಿಯಿಂದ ತಪ್ಪಿಹೋದರು, ಹೆಚ್ಚು ಪ್ರಯೋಜನ ಪಡೆಯಬಹುದಾಗಿದ್ದವರು ಅವರೇ. ಇನ್ನೊಂದು, ಯೋಜನೆ ಬಂದ ಹಳ್ಳಿಗೆ ಹೇಗೂ ಹಣ ಬಂತಲ್ಲ ಎಂದು ಸ್ಥಳೀಯ ಸರ್ಕಾರಗಳು ತಮ್ಮ ಹಣವನ್ನು ಪಕ್ಕದ ಹಳ್ಳಿಗಳಿಗೆ ತಿರುಗಿಸಿದವು. ಹೋಲಿಕೆಗೆ ಇಟ್ಟ ಹಳ್ಳಿಯೂ ಸುಧಾರಿಸಿದರೆ ನಿಮ್ಮ ವ್ಯತ್ಯಾಸ ಕುಗ್ಗುತ್ತದೆ. ಚೀನಾದಲ್ಲಿ ‘ಯೋಜನೆ ಇಲ್ಲದ ಹಳ್ಳಿ’ ಎಂದರೆ ಏನೂ ಸಿಗದ ಹಳ್ಳಿ ಅಂತ ತಿಳಿಯಬೇಡಿ.

ಸ್ಟ್ಯಾನ್‌ಫರ್ಡಿನ ಸ್ಕಾಟ್ ರೋಜೆಲ್ ಆದಾಯ ಬಿಟ್ಟು ಮಕ್ಕಳ ರಕ್ತಹೀನತೆ, ಕಣ್ಣು, ಓದಿನ ಕಡೆ ಹೊರಳಿದರು. ಅವರ ತಂಡದ ಕನ್ನಡಕದ ಪ್ರಯೋಗ ನೋಡಿ. ಗನ್ಸು ಮತ್ತು ಶಾನ್ಷಿ ಪ್ರಾಂತಗಳ 252 ಶಾಲೆ, ದೂರದ್ದು ಕಾಣದ 3177 ಮಕ್ಕಳು. ಶುರುವಿನಲ್ಲಿ ಕನ್ನಡಕ ಇದ್ದವರು ಶೇ 15ರಷ್ಟು. ಉಚಿತ ಕನ್ನಡಕ ಕೊಟ್ಟ ಗುಂಪಿನಲ್ಲಿ ವರ್ಷದ ಕೊನೆಗೆ ‘ಹಾಕಿಕೊಳ್ಳುತ್ತೇನೆ’ ಎಂದವರು ಶೇ 68, ಹೇಳದೆ ಹೋಗಿ ನೋಡಿದಾಗ ಮೂಗಿನ ಮೇಲೆ ಕನ್ನಡಕ ಇದ್ದದ್ದು ಶೇ 41. ಗಣಿತದ ಅಂಕ ಏರಿತು, ಅದು ನಿಜ. ಆದರೆ ನೀವು ಗಮನಿಸಬೇಕಾದದ್ದು 68 ಮತ್ತು 41ರ ನಡುವಿನ ಅಂತರ. ಕೇಳಿದ್ದನ್ನೂ ಕಂಡದ್ದನ್ನೂ ಎರಡು ಬೇರೆ ಕಾಲಂಗಳಲ್ಲಿ ಬರೆದುಕೊಂಡದ್ದಕ್ಕೇ ಅದು ಸಿಕ್ಕಿತು.

ಈಗ ಡೇಟಾ. ಪೀಕಿಂಗ್ ವಿಶ್ವವಿದ್ಯಾಲಯದ ಚೀನಾ ಕುಟುಂಬ ಸಮೀಕ್ಷೆ, ಸಿ.ಎಫ್.ಪಿ.ಎಸ್., 2010ರಲ್ಲಿ 25 ಪ್ರಾಂತಗಳ ಸುಮಾರು 15,000 ಮನೆಗಳಿಂದ ಶುರುವಾಯಿತು. ಎರಡು ವರ್ಷಕ್ಕೊಮ್ಮೆ ಅದೇ ಮನೆಗಳಿಗೆ ಹೋಗುತ್ತಾರೆ. ನೋಂದಾಯಿಸಿಕೊಂಡರೆ ಉಚಿತ. ನಿಮ್ಮ ಮೊದಲ ಆಯ್ಕೆ ಇದೇ ಇರಲಿ. ಆದರೆ ಲಿಯಾವೊನಿಂಗ್, ಶಾಂಘೈ, ಹೆನಾನ್, ಗನ್ಸು, ಗ್ವಾಂಗ್‌ಡಾಂಗ್ ಐದೇ ಪ್ರಾಂತಗಳು ಮಾದರಿಯ ಅರ್ಧವನ್ನು ತುಂಬಿವೆ. ತೂಕ ಹಾಕದೆ ರಾಷ್ಟ್ರೀಯ ಸರಾಸರಿ ತೆಗೆದರೆ ಅದು ಯಾವ ದೇಶದ ಸರಾಸರಿಯೂ ಅಲ್ಲ. ಆದಾಯಕ್ಕೆ ಎರಡು ಚಲಕಗಳಿವೆ, ಒಂದು ಆಯಾ ವರ್ಷದ ವ್ಯಾಖ್ಯೆಯದು, ಇನ್ನೊಂದು 2010ಕ್ಕೆ ಹೋಲಿಸಲು ಮಾಡಿದ್ದು. ವರ್ಷಗಳ ಹೋಲಿಕೆಗೆ ಎರಡನೆಯದನ್ನೇ ಬಳಸಿ. ಕೌಂಟಿಯ ಗುರುತು ಮುಚ್ಚಿರುತ್ತದೆ, ಹಾಗಾಗಿ ಮಳೆ, ರಸ್ತೆಯಂಥ ಹೊರಗಿನ ಅಂಕಿಗಳನ್ನು ಸುಮ್ಮನೆ ಜೋಡಿಸಲಾಗದು.

ಚೀನಾ ಕುಟುಂಬ ಆದಾಯ ಯೋಜನೆ, ಸಿ.ಎಚ್.ಐ.ಪಿ., ಹೆಚ್ಚು ಹಳೆಯದು: 1988, 1995, 2002, 2007, 2013, 2018ರ ಸುತ್ತುಗಳು. ಕಾರ್ಲ್ ರಿಸ್ಕಿನ್, ಝಾವೊ ರೆನ್‌ವೇಯ್, ಆಮೇಲೆ ಲೀ ಷಿ ಇದನ್ನು ಬೆಳೆಸಿದರು. ಮನೆಗಳನ್ನು ಬ್ಯೂರೋದ ಮಾದರಿಯಿಂದಲೇ ಆರಿಸುತ್ತಾರೆ, ಆದರೆ ಬ್ಯೂರೋ ಬಿಟ್ಟ ಸ್ವಂತ ಮನೆಯ ಬಾಡಿಗೆ ಮೌಲ್ಯದಂಥದ್ದನ್ನು ಆದಾಯಕ್ಕೆ ಸೇರಿಸಿ ಲೆಕ್ಕ ಹಾಕಿದರು. ಅಸಮಾನತೆ ನಿಮ್ಮ ವಿಷಯವಾದರೆ ಇದು ಬೇಕು. ಪ್ರತಿ ಸುತ್ತಿನಲ್ಲೂ ಮನೆಗಳು ಬೇರೆ, ಆದ್ದರಿಂದ ಒಂದೇ ಮನೆಯನ್ನು 30 ವರ್ಷ ಹಿಂಬಾಲಿಸುವ ಯೋಚನೆ ಬಿಡಿ. 1989ರಲ್ಲಿ ಶುರುವಾದ ಆರೋಗ್ಯ ಮತ್ತು ಪೌಷ್ಟಿಕ ಸಮೀಕ್ಷೆ, ಸಿ.ಎಚ್.ಎನ್.ಎಸ್., ಸುಲಭವಾಗಿ ಸಿಗುತ್ತದೆ, ಆದರೆ ಅದು ಕೆಲವೇ ಪ್ರಾಂತಗಳದ್ದು, ಇಡೀ ದೇಶವನ್ನು ಪ್ರತಿನಿಧಿಸುವುದಿಲ್ಲ. ಹಳ್ಳಿಯ ಮುಪ್ಪಿನ ಬಗ್ಗೆ ಯೋಚಿಸುತ್ತಿದ್ದರೆ 45 ದಾಟಿದವರ ಸಮೀಕ್ಷೆ, ಸಿ.ಎಚ್.ಎ.ಆರ್.ಎಲ್.ಎಸ್., ಇದೆ, 2011ರಿಂದ. ನನ್ನನ್ನು ಕೇಳಿದರೆ ಮುಂದಿನ 20 ವರ್ಷದ ಗ್ರಾಮೀಣ ಬಡತನ ಅಲ್ಲೇ ಇದೆ.

ಸಣ್ಣದೊಂದು ತಾಂತ್ರಿಕ ಕಿರಿಕಿರಿ: ಹಳೆಯ ಫೈಲುಗಳನ್ನು ಸ್ಟೇಟಾ ಎಂಬ ಅಂಕಿಅಂಶದ ತಂತ್ರಾಂಶದಲ್ಲಿ ತೆರೆದರೆ ಚೀನೀ ಲೇಬಲ್‌ಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಫೈಲು ಕೆಟ್ಟಿಲ್ಲ, ಅಕ್ಷರಗಳ ಸಂಕೇತ ಹಳೆಯದು. ಸ್ಟೇಟಾ 14 ಅಥವಾ ನಂತರದ್ದರಲ್ಲಿ ಯೂನಿಕೋಡ್ ಅನುವಾದದ ಕಮಾಂಡಿಗೆ ಜಿಬಿ18030 ಎಂದು ಕೊಟ್ಟರೆ ಸರಿಹೋಗುತ್ತದೆ. ಮೂಲ ಫೈಲಿನ ಪ್ರತಿ ತೆಗೆದಿಟ್ಟುಕೊಂಡು ಮಾಡಿ. ಬೆಲೆಗಳ ವಿಷಯದಲ್ಲಿ, ವರ್ಷದಿಂದ ವರ್ಷಕ್ಕಷ್ಟೇ ಅಲ್ಲ, ಪ್ರಾಂತದಿಂದ ಪ್ರಾಂತಕ್ಕೂ ಹೊಂದಿಸಬೇಕು. 1990ರ ಬುಟ್ಟಿಯ ಮೇಲೆ ಬ್ರಾಂಟ್ ಮತ್ತು ಹೋಲ್ಜ್ ಕಟ್ಟಿದ ಪ್ರಾಂತವಾರು ಸೂಚ್ಯಂಕವನ್ನು ಬಹುತೇಕರು ಬಳಸುತ್ತಾರೆ.

2013ರ ನಂತರದ ‘ನಿಖರ ಬಡತನ ನಿವಾರಣೆ’ ಎಲ್ಲ ಹೊಸಬರನ್ನೂ ಸೆಳೆಯುತ್ತದೆ. ಆ ನವೆಂಬರಿನಲ್ಲಿ ಷಿ ಜಿನ್‌ಪಿಂಗ್ ಹುನಾನಿನ ಶಿಬಾದೊಂಗ್ ಹಳ್ಳಿಯಲ್ಲಿ ಆ ಮಾತನ್ನಾಡಿದರು. 2014ರಲ್ಲಿ ಮನೆಮನೆಗೆ ಕಡತ, ಕಾರ್ಡು ಮಾಡಿ 896.2 ಲಕ್ಷ, ಅಂದರೆ ಸುಮಾರು 9 ಕೋಟಿ ಜನರನ್ನು ದಾಖಲಿಸಿದರು. 2021ರ ಫೆಬ್ರವರಿಯಲ್ಲಿ 832 ಕೌಂಟಿಗಳೂ ಬಡತನದಿಂದ ಹೊರಬಂದವು ಎಂದು ಘೋಷಣೆಯಾಯಿತು. ಒಳಗಿನ ಯಂತ್ರ ಹೀಗಿತ್ತು: ಒಟ್ಟು ಸಂಖ್ಯೆ ಬ್ಯೂರೋದ ಮಾದರಿ ಸಮೀಕ್ಷೆಯಿಂದ ಮೇಲಿನಿಂದ ಕೆಳಕ್ಕೆ ಇಳಿಯಿತು, ಪ್ರಾಂತ, ಕೌಂಟಿ, ಪಟ್ಟಣ, ಹಳ್ಳಿಗೆ ಪಾಲು ಹಂಚಿಕೆಯಾಯಿತು. ಯಾವ ಮನೆ ಅನ್ನುವುದು ಹಳ್ಳಿಯ ಸಭೆಯಲ್ಲಿ ತೀರ್ಮಾನವಾಯಿತು. ಅಲ್ಲಿ ಯಾರೂ ಹಂದಿಯ ಜೋಳ ಲೆಕ್ಕ ಹಾಕಲಿಲ್ಲ. ಗುಯಿಝೌನ ವೇಯ್ನಿಂಗ್ ಕೌಂಟಿಯಿಂದ ಹಬ್ಬಿದ ಸೂತ್ರ ಇತ್ತು: ಮೊದಲು ಮನೆ ನೋಡು, ಆಮೇಲೆ ಧಾನ್ಯ ನೋಡು, ಮೂರನೆಯದು ದುಡಿಯುವ ಕೈ, ನಾಲ್ಕನೆಯದು ಓದುವ ಮಗು ಇದೆಯೇ ನೋಡು. ಹೀಗೆ ಆಯ್ಕೆಯಾದ ಪಟ್ಟಿಯನ್ನು 2015–16ರಲ್ಲಿ ಮರುಪರಿಶೀಲಿಸಿದಾಗ 929 ಲಕ್ಷ ಅಲ್ಲ, 92.9 ಲಕ್ಷ ಜನರನ್ನು ತೆಗೆದು 80.7 ಲಕ್ಷ ಜನರನ್ನು ಹೊಸದಾಗಿ ಸೇರಿಸಿದರು (ಚೀನೀ ‘ವಾನ್’ ಎಂದರೆ 10,000, ಲಕ್ಷಕ್ಕೆ ತಿರುಗಿಸುವಾಗ ಸೊನ್ನೆ ತಪ್ಪುವುದು ಇಲ್ಲೇ). ಆದ್ದರಿಂದ ದಾಖಲಾದ ಮನೆಯನ್ನು ‘ಆದಾಯ ರೇಖೆಗಿಂತ ಕೆಳಗಿನ ಮನೆ’ ಎಂದು ಓದಬೇಡಿ. ಎರಡು ಪಟ್ಟಿಗಳೂ ಬೇರೆ ಬೇರೆ, ಅವು ಎಷ್ಟು ಕೂಡುತ್ತವೆ ಅನ್ನುವುದೇ ಒಳ್ಳೆಯ ಪ್ರಬಂಧವಾಗಬಲ್ಲದು. 2007ರಿಂದ ಹಳ್ಳಿಗಳಲ್ಲೂ ದೇಶವ್ಯಾಪಿಯಾದ ‘ದಿಬಾವೊ’ ಎಂಬ ಕನಿಷ್ಠ ಜೀವನಾಧಾರ ಭತ್ಯೆಯಲ್ಲೂ ಇದೇ ಪ್ರಶ್ನೆ ಕೇಳಬಹುದು. ಅದರ ರೇಖೆ ಸ್ಥಳದಿಂದ ಸ್ಥಳಕ್ಕೆ ಬೇರೆ, ಅರ್ಹರು ಹೊರಗುಳಿಯುವುದೂ ಅನರ್ಹರು ಒಳಬರುವುದೂ ಎರಡೂ ದೊಡ್ಡ ಪ್ರಮಾಣದಲ್ಲಿವೆ.

ನೀವೇ ಹಳ್ಳಿಗೆ ಹೋಗಿ ಸರ್ವೆ ಮಾಡಬಹುದೇ? ಸ್ವಂತಕ್ಕೆ ಆಗದು. ವಿದೇಶಿ ಸಂಬಂಧವಿರುವ ಸಮೀಕ್ಷೆಗಳನ್ನು ಪರವಾನಗಿ ಇರುವ ಚೀನೀ ಸಂಸ್ಥೆಯ ಮೂಲಕ, ಪ್ರಶ್ನಾವಳಿಗೆ ಅನುಮತಿ ಪಡೆದೇ ಮಾಡಬೇಕು ಎಂಬ ನಿಯಮ 2004ರಿಂದ ಇದೆ. 2021ರ ದತ್ತಾಂಶ ಭದ್ರತೆ ಮತ್ತು ವೈಯಕ್ತಿಕ ಮಾಹಿತಿ ಕಾನೂನುಗಳ ಮೇಲೆ ಕಚ್ಚಾ ಡೇಟಾ ಹೊರಗೆ ತರುವುದೂ ಬಿಗಿಯಾಗಿದೆ. ಪಿಎಚ್.ಡಿ.ಯ ಮೂರು-ನಾಲ್ಕು ವರ್ಷದಲ್ಲಿ ಸ್ವಂತ ಸರ್ವೆಯ ಮೇಲೆ ಪಣ ಕಟ್ಟಬೇಡಿ. ಬೀಜಿಂಗಿನ ರೆನ್‌ಮಿನ್ ವಿಶ್ವವಿದ್ಯಾಲಯ, ಚೀನಾ ಕೃಷಿ ವಿಶ್ವವಿದ್ಯಾಲಯ, ನಾನ್‌ಜಿಂಗ್ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಯಾರದಾದರೂ ನಡೆಯುತ್ತಿರುವ ಸರ್ವೆಯಲ್ಲಿ ನಿಮ್ಮ ನಾಲ್ಕೈದು ಪ್ರಶ್ನೆ ಸೇರಿಸಲು ಕೇಳುವುದು ಕೈಗೂಡುವ ದಾರಿ. ಅವಕಾಶ ಸಿಕ್ಕಿದರೆ ಮೊದಲು ಮನೆಯ ಹುಕೌ (ಕುಟುಂಬ ನೋಂದಣಿ) ಪುಸ್ತಕ ನೋಡಿ ಅದರಲ್ಲಿರುವ ಹೆಸರೆಲ್ಲ ಬರೆದುಕೊಳ್ಳುವಂತೆ ಹೇಳಿ, ಆಮೇಲೆ ‘ಕಳೆದ 12 ತಿಂಗಳಲ್ಲಿ ಎಷ್ಟು ತಿಂಗಳು ಇಲ್ಲಿ ಉಂಡು ಮಲಗಿದರು’ ಎಂದು ಪ್ರತಿ ಹೆಸರಿಗೂ ಕೇಳಿಸಿ. ಆಗ ಮಗನನ್ನು ಸೇರಿಸಿಯೂ ಬಿಟ್ಟೂ ಎರಡು ರೀತಿ ಲೆಕ್ಕ ಹಾಕಬಹುದು. ವಸಂತ ಹಬ್ಬದ ಆಸುಪಾಸಿನಲ್ಲಿ ಹೊರಗಿನವರೂ ಮನೆಯಲ್ಲಿ ಸಿಗುತ್ತಾರೆ, ಆದರೆ ಆ ತಿಂಗಳ ಖರ್ಚನ್ನು ವರ್ಷಕ್ಕೆ ಗುಣಿಸಿದರೆ ಎಲ್ಲರೂ ಶ್ರೀಮಂತರೇ. ಹಳ್ಳಿಯ ಕಾರ್ಯದರ್ಶಿ ಜೊತೆಗೇ ಬಂದು ಕೂರುತ್ತಾನೆ. ಅವನನ್ನು ಅದೇ ಹೊತ್ತಿಗೆ ಹಳ್ಳಿಯ ಪ್ರಶ್ನಾವಳಿ ತುಂಬಿಸಲು ಬೇರೆಡೆ ಕೂರಿಸುವುದು ಎಲ್ಲ ತಂಡಗಳೂ ಮಾಡುವ ಉಪಾಯ.

ಭಾಷೆ ಬೇಕು, ಆದರೆ ಓದುವಷ್ಟು ಸಾಕು. ಇಂಗ್ಲಿಷ್ ಅನುವಾದದ ಪ್ರಶ್ನಾವಳಿಯಲ್ಲಿ ಉಳಿಯದ ಸೂಕ್ಷ್ಮಗಳು ಮೂಲದಲ್ಲಿರುತ್ತವೆ, ಗಣತಿದಾರರ ಕೈಪಿಡಿಗಳಂತೂ ಬಹುಪಾಲು ಚೀನೀಯಲ್ಲೇ. ಎಚ್.ಎಸ್.ಕೆ. ಎಂಬ ಚೀನೀ ಭಾಷಾ ಪರೀಕ್ಷೆಯ ಹಳೆಯ ಲೆಕ್ಕದ ಐದನೇ ಹಂತ, ಸುಮಾರು 2500 ಪದ, ತಲುಪಿದರೆ ನಿಘಂಟು ಇಟ್ಟುಕೊಂಡು ಪ್ರಶ್ನಾವಳಿ ಓದಬಹುದು. ಗುಯಿಝೌ ಅಜ್ಜಿಯ ಮಾತು ಆಗಲೂ ತಿಳಿಯದು. ಬೀಜಿಂಗಿನ ಹುಡುಗರಿಗೂ ತಿಳಿಯುವುದಿಲ್ಲ, ಅದಕ್ಕೇ ಸ್ಥಳೀಯ ಕಾಲೇಜಿನವರನ್ನು ಕರೆದೊಯ್ಯುತ್ತಾರೆ. 2023ರ ಏಪ್ರಿಲಿನಿಂದ ಸಿ.ಎನ್.ಕೆ.ಐ. ಎಂಬ ಚೀನೀ ಜರ್ನಲ್ ಭಂಡಾರದ ಕೆಲವು ವಿಭಾಗಗಳು ಹೊರದೇಶದವರಿಗೆ ಮುಚ್ಚಿವೆ, ಅಂಕಿಅಂಶದ ವಾರ್ಷಿಕ ಪುಸ್ತಕಗಳೂ ಅದರಲ್ಲಿ ಸೇರಿವೆ. ಬ್ಯೂರೋದ ಸ್ವಂತ ಜಾಲತಾಣದಿಂದ ಬೇಕಾದ ಕೋಷ್ಟಕಗಳನ್ನು ಈಗಲೇ ಇಳಿಸಿಟ್ಟುಕೊಳ್ಳಿ.

ಈ ಆರು ತಿಂಗಳಿಗೆ ಕೆಲಸ ಬೇಕೆಂದರೆ ಇದು: ಸಿ.ಎಫ್.ಪಿ.ಎಸ್.ನ 2010 ಮತ್ತು 2018ರ ಸುತ್ತು ಇಳಿಸಿ. ಗ್ರಾಮೀಣ ಮನೆಗಳಿಗೆ 2300 ಯುವಾನ್ ರೇಖೆ ಹಾಕಿ ಬಡತನದ ಪ್ರಮಾಣ ತೆಗೆಯಿರಿ. ಒಮ್ಮೆ ಆದಾಯದಿಂದ, ಒಮ್ಮೆ ಅನುಭೋಗ ವೆಚ್ಚದಿಂದ. ಒಮ್ಮೆ ಹೊರಗಿರುವವರನ್ನು ಸೇರಿಸಿ, ಒಮ್ಮೆ ಬಿಟ್ಟು. ನಾಲ್ಕು ಉತ್ತರ ಬರುತ್ತವೆ. ಚೀನಾದ ಮನೆಗಳು ಹೆಚ್ಚು ಉಳಿತಾಯ ಮಾಡುವುದರಿಂದ ವೆಚ್ಚದ ಲೆಕ್ಕದಲ್ಲಿ ಬಡವರು ಹೆಚ್ಚು ಕಾಣುತ್ತಾರೆ. ಭಾರತದ ಅಂಕಿಗಳು ವೆಚ್ಚದವು, ಆದ್ದರಿಂದ ಎರಡು ದೇಶಗಳನ್ನು ಹೋಲಿಸುವಾಗ ಚೀನಾದ ಆದಾಯದ ಅಂಕಿಯನ್ನು ಪಕ್ಕಕ್ಕಿಡಬಾರದು. ಆ ನಾಲ್ಕು ಉತ್ತರ ಯಾಕೆ ಬೇರೆ ಬಂದವು ಎಂದು ಹತ್ತು ಪುಟ ಬರೆದು, ಅದನ್ನೇ ಅರ್ಜಿಯ ಜೊತೆ ಮಾರ್ಗದರ್ಶಕರಿಗೆ ಕಳಿಸಿ.